ಅಮ್ಮನ ಬಸ್ಸಾರಿನ ಉಪ್ಪು

ಕಾಫಿ ಲೋಟದ ತಳದಲ್ಲಿ ಸಕ್ಕರೆ ಉಳಿಸುವುದು ನನ್ನ ಹಳೆಯ ಚಾಳಿ. ಹಾಕಿದ ಸಕ್ಕರೆಯನ್ನು ಚಮಚದಲ್ಲಿ ನಾಲ್ಕು ಸುತ್ತು ತಿರುಗಿಸುವಷ್ಟು ತಾಳ್ಮೆಯನ್ನು ದೇವರು ನನಗೆ ಕೊಟ್ಟಿಲ್ಲ. ಹಾಗಾಗಿ ನನ್ನ ಕಾಫಿ ಮೊದಲ ಗುಟುಕಿಗೆ ಕಷಾಯ, ನಡುವೆ ಕಾಫಿ, ಕೊನೆಗೆ ಪಾಯಸ. ನಮ್ಮ ಯಜಮಾನರಿಗೆ ಇದನ್ನು ಕಂಡರೆ ಆಗುವುದಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು ಅವರು. ರಾಜರುಗಳ ತಪ್ಪುಗಳನ್ನೇ ಜೀವನವಿಡೀ ಹುಡುಕಿದವರಿಗೆ ಈಗ ಬೇರೆ ರಾಜರು ಸಿಗದೆ ನನ್ನ ಲೋಟದೊಳಗೆ ಇಣುಕುತ್ತಾರೆ.

"ಕಲಕಿ ಕುಡಿಯೋಕೆ ಏನೇ ದಾಡಿ ನಿಂಗೆ?" ಅನ್ನುತ್ತಾರೆ.

"ಕೊನೇಲಿ ಸಿಹಿ ಸಿಗ್ಲಿ ಅಂತ ರೀ," ಅನ್ನುತ್ತೇನೆ. ಇದು ವೇದಾಂತವೇನಲ್ಲ, ಬರೀ ಸೋಮಾರಿತನ ಎಂದು ಇಬ್ಬರಿಗೂ ಗೊತ್ತು.

ಮೊನ್ನೆ ಹಾಗೆಯೇ ಲೋಟದ ತಳವನ್ನು ಬೆರಳಿನಿಂದ ಕೆರೆಯುತ್ತ ಕುಳಿತಿದ್ದಾಗ ಹುತ್ತೂರಿನ ನಮ್ಮ ಶಾಲೆ ನೆನಪಾಯಿತು. ವಿಜ್ಞಾನದ ಮೇಷ್ಟ್ರು ಒಂದು ದಿನ ಕರವಸ್ತ್ರ ಮುಚ್ಚಿದ ಗಾಜಿನ ಲೋಟವನ್ನು ಮನೆಯಿಂದ ಬಹಳ ಜೋಪಾನವಾಗಿ ತಂದಿದ್ದರು. ಶಾಲೆಗೆ ಪ್ರಯೋಗಾಲಯ ಅಂತ ಇರಲಿಲ್ಲ. ಇದ್ದ ಒಂದು ಬೀರುವಿನಲ್ಲಿ ಕಂಬಳಿಹುಳುವಿನ ಚಿತ್ರಪಟವೂ ಗಾಂಧಿ ಜಯಂತಿಯ ಪೊರಕೆಗಳೂ ಇದ್ದವು. ಮೇಷ್ಟ್ರು ಲೋಟದ ನೀರಿಗೆ ಪುಡಿಯುಪ್ಪು ಹಾಕಿ ಕಲಕಿ, ಎತ್ತಿ ಹಿಡಿದು, "ಉಪ್ಪು ಎಲ್ಲಿ ಹೋಯ್ತು?" ಎಂದು ಕೇಳಿದರು. ತರಗತಿಗೆ ತರಗತಿಯೇ ಬಾಯಿ ಬಿಟ್ಟುಕೊಂಡು ನೋಡಿತು. ನಾನು ಎದ್ದು ನಿಂತು, "ಅಲ್ಲೇ ಐತೆ ಸಾರ್, ನಾಚ್ಕೊಂಡು ಕೂತೈತೆ," ಅಂದೆ. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ನಾಚ್ಕೆ ಅಂತಾನೇ ಇಟ್ಕೋ, ಆದ್ರೆ ಅಲ್ಲೇ ಐತೆ ಅಂದ್ಯಲ್ಲ, ಅದು ಸರಿ," ಎಂದು ನನ್ನ ಬೆನ್ನು ತಟ್ಟಿದರು. ವಿಜ್ಞಾನದಲ್ಲಿ ನನಗೆ ಸಿಕ್ಕ ಮೊದಲ ಹಾಗೂ ಕೊನೆಯ ಬಹುಮಾನ ಅದು.

ಆಮೇಲೆ ಅವರು ಉಪ್ಪು ಹಾಕುತ್ತಲೇ ಹೋದರು. ಒಂದು ಹಂತದಲ್ಲಿ ಎಷ್ಟು ಕಲಕಿದರೂ ಉಪ್ಪು ಕರಗದೆ ತಳದಲ್ಲಿ ಕುಳಿತುಬಿಟ್ಟಿತು. "ನೋಡ್ರಿ, ನೀರಿಗೂ ಹೊಟ್ಟೆ ತುಂಬುತ್ತೆ. ಇನ್ನು ನನ್ ಕೈಲಾಗಲ್ಲಪ್ಪ ಅಂತೈತೆ. ಇದಕ್ಕೆ ಪರ್ಯಾಪ್ತ ದ್ರಾವಣ ಅಂತಾರೆ, ಬರ್ಕೊಳ್ರಿ. ಬಿಸಿ ಮಾಡಿದ್ರೆ ಇನ್ನೂ ಸ್ವಲ್ಪ ಹಿಡಿಯುತ್ತೆ," ಎಂದರು. ಆ ಕೊನೆಯ ಮಾತು ನನ್ನ ತಲೆಗೆ ಹತ್ತಿತು. ಅಮ್ಮ ತೋಟಕ್ಕೆ ಸೊಪ್ಪು ಕೊಯ್ಯಲು ಹೋಗಿದ್ದಾಗ ಒಲೆಯ ಮೇಲಿದ್ದ ಬಿಸಿನೀರಿಗೆ ಬೆಲ್ಲ ಹಾಕುತ್ತ ಹೋದೆ. ನೀರಿನ ಹೊಟ್ಟೆ ತುಂಬಲೇ ಇಲ್ಲ, ಬೆಲ್ಲದ ಡಬ್ಬಿಯೇ ಖಾಲಿಯಾಯಿತು. ಪುರಾವೆ ಉಳಿಯಬಾರದೆಂದು ಆ ದ್ರಾವಣವನ್ನೆಲ್ಲ ಕುಡಿದೆ. ಮುಂದಿನ ಎರಡು ದಿನ ಹಿತ್ತಲಿಗೂ ಮನೆಗೂ ಓಡಾಡಿ ನನ್ನ ವಿಜ್ಞಾನದ ಆಸಕ್ತಿ ಇಳಿದುಹೋಯಿತು.

ನಮ್ಮದು ರೇಷ್ಮೆ ಸಾಕುವ ಮನೆ. ನೀರಿಗೆ ಏನನ್ನಾದರೂ ಬೆರೆಸುವುದು ಅಲ್ಲಿ ದಿನದ ಕೆಲಸ. ಹೊಸ ಬೆಳೆಗೆ ಹುಳು ತರುವ ಮುಂಚೆ ಹುಳುಮನೆಯನ್ನು ಬ್ಲೀಚಿಂಗ್ ಪೌಡರ್ ಕರಗಿಸಿದ ನೀರಿನಿಂದ ತೊಳೆಯಬೇಕು. ಬಾಗಿಲಲ್ಲಿ ಅದೇ ನೀರಿನ ತಟ್ಟೆ ಇರುತ್ತಿತ್ತು. ನೆಂಟರಿರಲಿ, ಊರ ಗೌಡರಿರಲಿ, ಕಾಲು ಅದ್ದದೆ ಒಳಗೆ ಬರುವಂತಿಲ್ಲ. ನೀರು ತೆಳುವಾದರೆ ರೋಗ ಬರುತ್ತದೆ, ಗಟ್ಟಿಯಾದರೆ ಹುಳು ಮೇವು ಬಿಡುತ್ತದೆ. ಅಮ್ಮ ಅದನ್ನು ಕಲಕಿ, ಮೂಗಿನ ಹತ್ತಿರ ತಂದು, ಕಣ್ಣಲ್ಲಿ ತೆಳ್ಳಗೆ ನೀರಾಡಿದರೆ "ಸಾಕು" ಅನ್ನುವಳು. ಅಪ್ಪನಿಗೆ ಯಾವಾಗಲೂ ಇನ್ನೊಂದು ಹಿಡಿ ಹಾಕುವ ಆಸೆ. ಇಬ್ಬರಿಗೂ ಪ್ರತಿ ಬೆಳೆಗೆ ಒಮ್ಮೆಯಾದರೂ ಇದೇ ಜಗಳ. ಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಸೊರಸೊರನೆ ಸೊಪ್ಪು ತಿನ್ನಲು ಶುರುಮಾಡಿದಾಗಲೇ ಅವರಿಬ್ಬರ ಮಾತುಕತೆ ಸರಿಹೋಗುತ್ತಿದ್ದುದು.

ಅಡುಗೆಯಲ್ಲೂ ಅಮ್ಮನದು ಕೈಯಳತೆಯೇ. ಕಲ್ಲುಪ್ಪಿನ ಜಾಡಿಗೆ ಕೈ ಹಾಕಿ, ಮುಷ್ಟಿಯಲ್ಲಿ ಅಷ್ಟು ತೆಗೆದು, ಅರ್ಧ ವಾಪಸು ಉದುರಿಸಿ, ಉಳಿದದ್ದನ್ನು ಸಾರಿಗೆ ಹಾಕುವಳು. ಮೊದಲೇ ಕಡಿಮೆ ತೆಗೆದುಕೊಳ್ಳಬಾರದೇ ಎಂದು ಕೇಳಿದರೆ, "ತಗೊಂಡು ಬಿಟ್ರೇನೇ ಕೈಗೆ ಗೊತ್ತಾಗೋದು," ಎನ್ನುತ್ತಿದ್ದಳು. ನನಗೆ ಈಗಲೂ ಅರ್ಥವಾಗಿಲ್ಲ. ಸೋಮವಾರ ನಮ್ಮ ಮನೆದೇವರ ವಾರ. ಅವತ್ತು ಎಡೆ ಇಡುವತನಕ ಸಾರನ್ನು ಯಾರೂ ನಾಲಿಗೆಗೆ ಹಚ್ಚುವಂತಿಲ್ಲ. ಬೇರೆ ದಿನ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿ ನೋಡುವ ಅಮ್ಮ ಸೋಮವಾರ ಮಾತ್ರ ದೇವರನ್ನೂ ತನ್ನ ಕೈಯನ್ನೂ ನಂಬಿ ಅಡುಗೆ ಮಾಡುತ್ತಾಳೆ. ನನ್ನ ನೆನಪಿನಲ್ಲಿ ಇಬ್ಬರೂ ಅವಳಿಗೆ ಕೈಕೊಟ್ಟದ್ದಿಲ್ಲ.

ಅಪ್ಪ ಹೋಗಿ ಬಹಳ ವರ್ಷಗಳ ಮೇಲೆ, ನಾನು ಎಷ್ಟೋ ಸಲ ಕರೆದ ಮೇಲೆ, ಅಮ್ಮ ಕೋಲಾರದ ನಮ್ಮ ಮನೆಗೆ ಬಂದಳು. ನಾನೊಬ್ಬಳೇ ಮಗಳು. ಅಳಿಯನ ಮನೆಯಲ್ಲಿ ಸುಮ್ಮನೆ ಕುಳಿತು ಉಣ್ಣಬಾರದು ಎಂಬುದು ಅವಳ ಹಟ. ನಾನಿನ್ನೂ ಕಚೇರಿಗೆ ಹೋಗುವವಳು. ಬೆಳಗಿನ ಅಡುಗೆಯಲ್ಲಿ ಅರ್ಧವನ್ನು ಅವಳೇ ವಹಿಸಿಕೊಂಡಳು, ಸೋಮವಾರದ್ದನ್ನು ಪೂರ್ತಿಯಾಗಿ.

ನೀರಿನ ವಿಷಯದಲ್ಲಿ ಮಾತ್ರ ನಮಗಿಬ್ಬರಿಗೂ ಹೊಂದಾಣಿಕೆಯಿಲ್ಲ. ಕೋಲಾರದ ನೀರಿನ ಬಗ್ಗೆ ಹೊರಗಿನವರಿಗೆ ಹೇಳಿ ಅರ್ಥಮಾಡಿಸುವುದು ಕಷ್ಟ. ಬೇರೆ ಊರಿನವರು ಸಂಬಳ ಹೇಳಿಕೊಳ್ಳುವಂತೆ ನಾವು ಬೋರ್‌ವೆಲ್ಲಿನ ಆಳ ಹೇಳಿಕೊಳ್ಳುತ್ತೇವೆ. ಅಷ್ಟು ಆಳದ ನೀರು ದಾರಿಯಲ್ಲಿ ಸಿಕ್ಕ ಕಲ್ಲುಬಂಡೆಯನ್ನೆಲ್ಲ ಕರಗಿಸಿಕೊಂಡು ಮೇಲೆ ಬರುತ್ತದೆ. ಸೋಪು ನೊರೆಯಾಗದು, ಬೇಳೆ ಬೇಯದು, ಸ್ಟೀಲು ಬಿಂದಿಗೆ ವರ್ಷ ತುಂಬುವಷ್ಟರಲ್ಲಿ ಸುಣ್ಣ ಬಳಿದ ಗೋಡೆಯಂತಾಗುತ್ತದೆ. ಆದ್ದರಿಂದ ಇಲ್ಲಿ ಬಳಸುವ ನೀರು ಬೇರೆ, ಕುಡಿಯುವ ನೀರು ಬೇರೆ. ಕುಡಿಯುವುದಕ್ಕೆ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನಿನಲ್ಲಿ ಹಿಡಿದು ತರುತ್ತೇವೆ. ನಾನು ಕಾಫಿಗೂ ಅನ್ನಕ್ಕೂ ಸಾರಿಗೂ ಕ್ಯಾನಿನ ನೀರನ್ನೇ ಹಾಕುವವಳು. ಅಮ್ಮನಿಗೆ ಅದು ದುಂದು. "ಕುದ್ಸೋ ನೀರಿಗೆ ಯಾರಾನ ಕಾಸು ಕೊಡ್ತಾರೇನೇ? ಕುದ್ದ ಮೇಲೆ ಎಲ್ಲಾ ಒಂದೇ," ಎಂದು ನಲ್ಲಿಯ ನೀರನ್ನೇ ಹಿಡಿಯುತ್ತಾಳೆ. ಬೇಳೆ ಬೇಯದಿದ್ದರೆ ಬೇಳೆಗೆ ಬೈಯುತ್ತಾಳೆ.

ಈ ಜಗಳ ತೀರಿಸಲೆಂದೇ ಇರಬೇಕು, ಯಜಮಾನರು ಗಡಸು ನೀರನ್ನು ಮೆದು ಮಾಡುವ ಒಂದು ಯಂತ್ರ ತಂದರು. ಸಾಫ್ಟ್‌ನರ್ ಅಂತ. ಆಳೆತ್ತರದ ನೀಲಿ ಕೊಳವೆ, ಅದರ ತಲೆಯ ಮೇಲೊಂದು ಹಿಡಿ. ಅಡುಗೆಮನೆಯ ನಲ್ಲಿಗೆ ಮಾತ್ರ ಸಾಕು ಎಂದು ಹಿತ್ತಲ ಗೋಡೆಗೆ ಒರಗಿಸಿ ಕೂರಿಸಿದರು. ನಿವೃತ್ತಿಯ ನಂತರ ಅವರಿಗೆ ಇಷ್ಟು ಪ್ರೀತಿ ಯಾವುದರ ಮೇಲೂ ಹುಟ್ಟಿರಲಿಲ್ಲ. ಪ್ರತಿ ಭಾನುವಾರ ಸಂಜೆ ಪಂಚೆ ಎತ್ತಿ ಕಟ್ಟಿ ಎತ್ತಿನ ಮೈ ತೊಳೆಯುವವರ ಹಾಗೆ ಅದರ ಸೇವೆಗೆ ನಿಲ್ಲುತ್ತಿದ್ದರು. ಬೇಳೆ ಚೆನ್ನಾಗಿ ಬೇಯತೊಡಗಿತು. ಅಮ್ಮನಿಗೂ ಸಂತೋಷವಾಯಿತು.

ಅದಾದ ಕೆಲವು ದಿನಗಳಲ್ಲೇ ಬಸ್ಸಾರು ಉಪ್ಪಾಯಿತು.

ಬಸ್ಸಾರು ಗೊತ್ತಲ್ಲ? ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿ, ಮತ್ತೆ ಕುದಿಸಿ ಇಂಗಿಸುವ ಸಾರು. ಮುದ್ದೆಗೆ ಅದನ್ನು ಮೀರಿದ್ದು ನಮ್ಮ ಕಡೆ ಇನ್ನೊಂದಿಲ್ಲ. ದೇವರಿಗೆ ಎಡೆ ತೋರಿಸಿ ಊಟಕ್ಕೆ ಕುಳಿತೆವು. ಮೊದಲ ತುತ್ತಿಗೇ ನನ್ನ ಮಗಳು ಕಾವ್ಯ ಮುಖ ಕಿವುಚಿದಳು. ಕಾಲೇಜು ಓದುವ ಹುಡುಗಿ, ಮನಸ್ಸಿನಲ್ಲಿದ್ದುದನ್ನು ಮುಖದಿಂದ ಮುಚ್ಚಿಡಲು ಇನ್ನೂ ಕಲಿತಿಲ್ಲ. "ಅಜ್ಜೀ, ಎರಡು ಸಲ ಉಪ್ಪು ಹಾಕ್ಬಿಟ್ಟಿದೀಯ," ಅಂದಳು. ಅಮ್ಮ ತನ್ನ ತಟ್ಟೆಯ ಸಾರನ್ನು ಬೆರಳಿನಿಂದ ನೆಕ್ಕಿ, "ಅಯ್ಯೋ, ಹೌದಲ್ಲೇ," ಎಂದು ನಾಲಿಗೆ ಕಚ್ಚಿಕೊಂಡಳು. ಯಜಮಾನರು ಮಾತ್ರ, "ಎಲ್ಲಿ, ಚೆನ್ನಾಗೇ ಐತಲ್ಲ ಅತ್ತೆ," ಎನ್ನುತ್ತ ತುತ್ತಿಗೊಂದು ಲೋಟ ನೀರು ಕುಡಿದು ಮುದ್ದೆ ಮುಗಿಸಿದರು. ಅತ್ತೆಯ ಮೇಲೆ ಅವರಿಗಿರುವ ಗೌರವವನ್ನು ಅವತ್ತು ಕಣ್ಣಾರೆ ನೋಡಿದೆ.

ಯಾರ ಕೈಯಲ್ಲಾದರೂ ಒಮ್ಮೆ ಹೀಗಾಗುತ್ತದೆ. ಆದರೆ ಕೆಲವು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಈ ಸಲ ಅಮ್ಮ ನಗಲಿಲ್ಲ. "ಹಾಕಿದ್ದು ಒಂದೇ ಸಲ ಕಣೇ," ಎಂದು ಮೆಲ್ಲಗೆ ಅಂದಳು. ಮೂರನೆಯ ಸಲ ಆದಾಗ ತಟ್ಟೆ ಮುಂದಿಟ್ಟುಕೊಂಡು ತಲೆ ಬಗ್ಗಿಸಿ ಕುಳಿತಳು. ನಾನು ಮಾಡಿದ ದಿನ ಸಾರು ಸರಿಯಾಗಿಯೇ ಇರುತ್ತಿತ್ತು. ಅಮ್ಮ ಮಾಡಿದ ದಿನಗಳಲ್ಲೂ ಎಲ್ಲ ದಿನ ಹೀಗಾಗುತ್ತಿರಲಿಲ್ಲ. ಕಾವ್ಯ ಮೊಬೈಲಿನಲ್ಲಿ ಏನೇನೋ ಓದಿ ನನ್ನನ್ನು ಪಕ್ಕಕ್ಕೆ ಕರೆದಳು.

"ಅಮ್ಮಾ, ಮರೆವಿನ ಕಾಯಿಲೆ ಹಿಂಗೇ ಶುರುವಾಗೋದಂತೆ. ಒಂದಿನ ಇರುತ್ತೆ, ಒಂದಿನ ಇರಲ್ಲ. ಮೊದ್ಲು ಅಡುಗೇಲೇ ಗೊತ್ತಾಗೋದಂತೆ."

ನಮ್ಮ ಬೀದಿಯಲ್ಲೇ ಒಬ್ಬರು ಹಿರಿಯರಿದ್ದರು. ಕೊನೆಗೆ ಸ್ವಂತ ಮಗನನ್ನೇ ಯಾರಪ್ಪಾ ನೀನು ಎಂದು ಕೇಳುತ್ತಿದ್ದರು. ಅಮ್ಮ ನನ್ನನ್ನು ಹಾಗೆ ಕೇಳುವ ದಿನ ಬಂದರೆ ಏನು ಮಾಡಲಿ ಎಂದು ಕಚೇರಿಯಲ್ಲಿ ಕುಳಿತಲ್ಲೇ ಕಣ್ಣು ಒದ್ದೆಯಾಗುತ್ತಿತ್ತು. ಒಮ್ಮೆ ಅನುಮಾನ ಹೊಕ್ಕರೆ ಎಲ್ಲವೂ ಸಾಕ್ಷಿಯೇ. ಅಮ್ಮ ಕಾವ್ಯಳನ್ನು ನನ್ನ ಹೆಸರಿನಿಂದ ಕರೆದಳು. ಅವಳು ಹುಟ್ಟಿದಾಗಿನಿಂದಲೂ ಹಾಗೆಯೇ ಕರೆಯುತ್ತಿದ್ದಳು ಎಂಬುದು ಆಗ ಹೊಳೆಯಲಿಲ್ಲ. ತಲೆಯ ಮೇಲಿದ್ದ ಕನ್ನಡಕವನ್ನು ಮನೆಯೆಲ್ಲ ಹುಡುಕಿದಳು. ಯಜಮಾನರು ಇದೇ ಕೆಲಸವನ್ನು ದಿನಾ ಮಾಡುತ್ತಾರೆ, ಅವರನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಹೇಳಿರಲಿಲ್ಲ.

ಊರಿನ ದಾರಿಗಳು, ನೆಂಟರ ಮಕ್ಕಳು, ಹಬ್ಬದ ತಿಥಿಗಳು ಎಂದು ಮಾತಿನ ನಡುವೆ ಪರೀಕ್ಷೆಯ ಪ್ರಶ್ನೆ ತುರುಕತೊಡಗಿದೆವು. ಅಮ್ಮ ಎಲ್ಲಕ್ಕೂ ಉತ್ತರ ಕೊಡುತ್ತಿದ್ದಳು. ಆದರೆ ಯಾಕೆ ಕೇಳುತ್ತಿದ್ದೇವೆಂದು ಅವಳಿಗೆ ಗೊತ್ತಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಕೊನೆಗೆ ಒಂದು ದಿನ ನಾನೇ, "ಅಮ್ಮಾ, ನೀನು ಸ್ವಲ್ಪ ದಿನ ಅಡುಗೆ ಮಾಡೋದು ಬೇಡ, ಕೂತ್ಕೋ," ಅಂದೆ. ಯಾವತ್ತೂ ನನ್ನ ಮಾತಿಗೆ ಒಂದಾದರೂ ಎದುರುಮಾತು ಇಲ್ಲದೆ ಬಿಟ್ಟವಳಲ್ಲ. ಅವತ್ತು ಸೆರಗಿಗೆ ಕೈ ಒರೆಸಿಕೊಂಡು ಒಲೆಯ ಮುಂದಿನಿಂದ ಸರಿದುಹೋದಳು. ಆ ವಾರವೆಲ್ಲ ಹಜಾರದ ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತ ಕುಳಿತಿರುತ್ತಿದ್ದಳು. ಆವನಿಯಲ್ಲಿರುವ ಅವಳ ತಂಗಿ ಫೋನು ಮಾಡಿದರೆ, "ಮಲಗಿದಾಳೆ ಅನ್ನು," ಎಂದು ಸನ್ನೆ ಮಾಡುತ್ತಿದ್ದಳು. ಅವರಿಬ್ಬರೂ ಕೂತರೆ ತೆಲುಗು ಕನ್ನಡ ಎರಡೂ ಸಾಲದು ಎನ್ನುವಷ್ಟು ಮಾತಾಡುವವರು. ಏನು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ನರದ ಡಾಕ್ಟರ ಹತ್ತಿರ ಸೋಮವಾರ ಬೆಳಿಗ್ಗೆಗೆ ಹೇಳಿಟ್ಟೆವು. ರಕ್ತಪರೀಕ್ಷೆಯೂ ಇದ್ದುದರಿಂದ ಅಮ್ಮ ಖಾಲಿ ಹೊಟ್ಟೆಯಲ್ಲಿ ಬರಬೇಕಿತ್ತು. ಅವಳು ಏನೂ ತಿನ್ನದಿರುವಾಗ ನಾನೊಬ್ಬಳೇ ಕಾಫಿ ಕುಡಿಯುವುದು ಹೇಗೆಂದು, ಒಂದಿಷ್ಟು ನೀರನ್ನಾದರೂ ಕುಡಿಯೋಣವೆಂದು ಅಡುಗೆಮನೆಗೆ ಹೋದೆ. ಸಾಮಾನ್ಯವಾಗಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಅಮ್ಮ, ಕೊನೆಗೆ ಏಳುವವಳು ನಾನು. ಅವತ್ತು ಅವಳು ಹಜಾರದಲ್ಲಿ ಸುಮ್ಮನೆ ಕುಳಿತಿದ್ದಳು. ಕ್ಯಾನು ಖಾಲಿಯಾಗಿತ್ತು. ಯಜಮಾನರು ಹಿಂದಿನ ದಿನ ಯಂತ್ರದ ಸೇವೆಯಲ್ಲಿ ಮುಳುಗಿ ನೀರು ತರಲು ಮರೆತಿದ್ದರು. ಒಂದು ಗುಟುಕು ತಾನೇ ಎಂದು ನಲ್ಲಿ ತಿರುಗಿಸಿ ಲೋಟ ಹಿಡಿದು ಬಾಯಿಗೆ ಹಾಕಿಕೊಂಡೆ.

ಹಾಕಿಕೊಂಡವಳು ಸಿಂಕಿಗೆ ಉಗಿದೆ. ಉಪ್ಪು! ಬರೀ ಉಪ್ಪು! ಇನ್ನೊಂದು ಲೋಟ ಹಿಡಿದೆ, ಅದೂ ಉಪ್ಪು. ಲೋಟವನ್ನು ಬೆಳಕಿಗೆ ಎತ್ತಿ ನೋಡಿದೆ. ಮಳೆನೀರಿನ ಹಾಗೆ ತಿಳಿಯಾಗಿತ್ತು.

"ರೀ!" ಎಂದು ನಾನು ಕೂಗಿದ ಕೂಗಿಗೆ ಯಜಮಾನರು ಹಲ್ಲುಜ್ಜುತ್ತಿದ್ದವರು ಹಾಗೆಯೇ ಓಡಿ ಬಂದರು.

"ನಿನ್ನೆ ಆ ನಿಮ್ಮ ಮಿಷನ್ನಿಗೆ ಏನ್ ಮಾಡಿದ್ರಿ?"

"ಏನ್ ಮಾಡೋದು, ತೊಳ್ದೆ. ವಾರ ವಾರ ಉಪ್ಪುನೀರು ಹಾಕಿ ತೊಳೀಬೇಕಲ್ಲ, ಇಲ್ದಿದ್ರೆ ಅದು ಕೆಲ್ಸ ಮಾಡಲ್ಲ."

"ಉಪ್ಪುನೀರಾ? ಆಮೇಲೆ?"

"ಆಮೇಲೆ ಒಳ್ಳೆ ನೀರು ಬಿಟ್ಟು ಉಪ್ಪೆಲ್ಲ ಚರಂಡಿಗೆ ಹೋಗೋ ಹಂಗೆ ಮಾಡ್ಬೇಕು."

"ಎಷ್ಟು ಹೊತ್ತು ಬಿಡ್ಬೇಕು?"

ಅವರು ಗೋಡೆಯ ಕಡೆ ನೋಡಿದರು. "ಹಾಕಿದ ಹುಡುಗ ಅರ್ಧ ಗಂಟೆ ಅಂದಿದ್ದ."

"ನೀವು ಎಷ್ಟು ಹೊತ್ತು ಬಿಟ್ರಿ?"

"ಅಲ್ವೇ ಪದ್ಮಾ, ಅಷ್ಟು ನೀರು ಸುಮ್ನೆ ಮೋರಿಗೆ ಹರಿಯೋದನ್ನ ನೋಡ್ಕೊಂಡು ಮನುಷ್ಯ ಆದೋನು ನಿಂತಿರೋಕಾಗುತ್ತಾ? ಎರಡು ಬಕೆಟ್ ಹೋಗ್ತಿದ್ದಂಗೆ ನಿಲ್ಲಿಸ್ಬಿಡ್ತಿದ್ದೆ."

ನಿಮಗೆ ನಗು ಬರಬಹುದು. ನೀವು ಬೇರೆ ಊರಿನವರಾದರೆ ಅವರನ್ನು ಬೈಯಲೂಬಹುದು. ಆದರೆ ಕೋಲಾರದಲ್ಲಿ ಹುಟ್ಟಿ, ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತು, ಮುಖ ತೊಳೆದ ನೀರನ್ನು ಗಿಡಕ್ಕೆ ಹಾಕಿ ಬೆಳೆದ ಯಾರಿಗೂ ಆ ಕೆಲಸ ಆಗುತ್ತಿರಲಿಲ್ಲ. ನಾನಾಗಿದ್ದರೆ ಒಂದೇ ಬಕೆಟ್ಟಿಗೆ ನಿಲ್ಲಿಸುತ್ತಿದ್ದೆ.

ಆಮೇಲೆ ಒಂದೊಂದಾಗಿ ಎಲ್ಲವೂ ಹೊಳೆಯಿತು. ಭಾನುವಾರ ಸಂಜೆ ಯಂತ್ರದ ಹೊಟ್ಟೆಯಲ್ಲಿ ಉಳಿದ ಉಪ್ಪುನೀರು ಬೆಳಗಿನವರೆಗೆ ಅಲ್ಲೇ ಇರುತ್ತಿತ್ತು. ಸೋಮವಾರ ಮೊದಲು ಎದ್ದು ಮೊದಲು ನಲ್ಲಿ ತಿರುಗಿಸುವವಳು ಅಮ್ಮ. ಅದೇ ನೀರಿನಲ್ಲಿ ಕಾಳು ಬೇಯಿಸಿ, ಬಸಿದು, ಮತ್ತೆ ಇಂಗಿಸಿದರೆ ಉಪ್ಪು ಇನ್ನಷ್ಟು ಗಟ್ಟಿ. ಎಡೆಗೆ ಮುಂಚೆ ರುಚಿ ನೋಡುವಂತಿಲ್ಲ. ನಾವು ಏಳುವ ಹೊತ್ತಿಗೆ ಉಪ್ಪೆಲ್ಲ ಹೋಗಿ ಒಳ್ಳೆಯ ನೀರು ಬರುತ್ತಿತ್ತು. ನಾವಂತೂ ಕ್ಯಾನಿನ ನೀರಿನವರು. ಮೂರು ಸಲವೂ ಸೋಮವಾರವೇ ಆಗಿತ್ತು ಎಂಬುದು ನಮ್ಮಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಇಂಥ ನಾವು ಅಮ್ಮನ ನೆನಪನ್ನು ಪರೀಕ್ಷೆ ಮಾಡುತ್ತಿದ್ದೆವು.

ಲೋಟ ಹಿಡಿದು ಹಜಾರಕ್ಕೆ ಓಡಿದೆ. "ಅಮ್ಮಾ, ಇದನ್ನ ಒಂಚೂರು ಬಾಯಿಗೆ ಹಾಕ್ಕೋ."

"ಏನೂ ಕುಡೀಬಾರ್ದು ಅಂದ್ಯಲ್ಲೇ."

"ಆಮೇಲೆ ಉಗಿ. ನಾಲಿಗೆಗೆ ಹಚ್ಕೋ ಸಾಕು."

ಅಮ್ಮ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಇನ್ನೊಮ್ಮೆ ಹಚ್ಚಿಕೊಂಡಳು. "ಏಮೇ ಇದಿ?" ಎಂದು ತೆಲುಗಿನಲ್ಲಿ ಕೇಳಿದಳು. ತೀರಾ ಗಾಬರಿಯಾದಾಗ, ತೀರಾ ಸಂತೋಷವಾದಾಗ ಅವಳಿಗೆ ತವರಿನ ತೆಲುಗು ಬರುತ್ತದೆ. ಯಂತ್ರದ ಕಥೆಯನ್ನು ಹೇಳಿದೆ. ಅರ್ಥವಾಗುವವರೆಗೆ ಎರಡು ಸಲ ಹೇಳಿದೆ. ಅಮ್ಮ ಲೋಟವನ್ನು ನೆಲದ ಮೇಲಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಪದ್ಮಾ, ಕೊನೇ ಸಲ ನಾನು ಉಪ್ಪೇ ಹಾಕಿರ್ಲಿಲ್ಲ ಕಣೇ," ಅಂದಳು.

"ಅಂದ್ರೆ?"

"ಎರಡು ಸಲ ಹಿಂಗಾಯ್ತಲ್ಲ, ಈ ಸಲ ಹಾಕೋದೇ ಬೇಡ, ಸಪ್ಪೆ ಆದ್ರೆ ಮೇಲೆ ಹಾಕ್ಕೊಂಡು ತಿನ್ಲಿ ಅಂತ ಜಾಡಿ ಮುಟ್ಲಿಲ್ಲ. ಮುಚ್ಚಳದ ಮೇಲೆ ಸೌಟು ಇಟ್ಟಿದ್ದೆ. ಮರ್ತು ಕೈ ಹಾಕಿದ್ರೂ ಸೌಟು ಬಿದ್ದು ಸದ್ದಾಗ್ಲಿ ಅಂತ. ಸೌಟು ಇಟ್ಟಂಗೇ ಇತ್ತು. ಆದ್ರೂ ನೀವೆಲ್ಲ ಉಪ್ಪು ಅಂದ್ರಿ. ನಾನೂ ತಿಂದು ನೋಡ್ದೆ, ಉಪ್ಪೇ! ಸೌಟು ತೆಗ್ದು, ಉಪ್ಪಾಕಿ, ತಿರ್ಗಾ ಸೌಟು ಇಟ್ಟು, ಅಷ್ಟನ್ನೂ ಮರ್ತಿದೀನಿ ಅಂದ್ಮೇಲೆ ಇನ್ನೇನೈತೆ, ನನ್ ತಲೆ ಹೋಯ್ತು ಅನ್ಕೊಂಡೆ."

ಅಷ್ಟು ದೊಡ್ಡ ಹೆದರಿಕೆಯನ್ನು ಅವಳು ಒಬ್ಬಳೇ ಒಳಗೆ ಇಟ್ಟುಕೊಂಡಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅಮ್ಮನೂ ಅತ್ತಳು, ಅಳುತ್ತಲೇ ನಗಲು ಶುರುಮಾಡಿದಳು. ಯಜಮಾನರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಾಗಿಲಲ್ಲಿ ಅಪರಾಧಿಯ ಹಾಗೆ ನಿಂತಿದ್ದರು. ಅಮ್ಮ ಅವರತ್ತ ನೇರವಾಗಿ ನೋಡದೆ, ನನ್ನ ಕಡೆ ತಿರುಗಿ, "ಉಪ್ಪು ತಿಂದೋರು ನೀರು ಕುಡೀಲೇಬೇಕು ಅಂತಾರೆ. ಅದಕ್ಕೇ ಅಳಿಯಂದ್ರು ಅವತ್ತು ಅಷ್ಟೊಂದು ನೀರು ಕುಡಿದ್ರು," ಅಂದಳು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕೆವು.

ಇನ್ನು ಡಾಕ್ಟರ ಹತ್ತಿರ ಹೋಗುವುದು ಬೇಡವೆಂದು ನಾನಂದೆ. ಅಮ್ಮ ಒಪ್ಪಲಿಲ್ಲ. "ನಡಿ ನಡಿ, ಹೋಗಿ ಬರೋಣ. ಒಂದ್ಸಲ ಅವ್ರ ಬಾಯಲ್ಲೇ ಕೇಳ್ಬಿಡ್ತೀನಿ," ಎಂದು ರೇಷ್ಮೆ ಅಂಚಿನ ಸೀರೆ ಉಟ್ಟು ಹೊರಟಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮ ಉಪ್ಪಿನ ಕಥೆ ಕೇಳಿ ಚೆನ್ನಾಗಿ ನಕ್ಕರು, ಆದರೂ ಪರೀಕ್ಷೆ ಬಿಡಲಿಲ್ಲ. ಇವತ್ತು ಯಾವ ವಾರ, ಇದು ಯಾವ ಊರು ಎಂದು ಕೇಳಿದರು. "ಸೋಮ್ವಾರ. ಅದನ್ನ ಇನ್ಮೇಲೆ ಮರೆಯೋದುಂಟಾ?" ಎಂದಳು ಅಮ್ಮ. ನೂರರಿಂದ ಏಳು ಏಳು ಕಳೆಯುತ್ತ ಬನ್ನಿ ಎಂದರು. ಅಮ್ಮನ ಲೆಕ್ಕವೆಲ್ಲ ತೆಲುಗಿನಲ್ಲಿ. ನನಗಿಂತ ಬೇಗ ಕಳೆದುಕೊಂಡು ಬಂದಳು. ಸೇಬು, ಮೇಜು, ನಾಣ್ಯ ಎಂದು ಮೂರು ಪದ ಹೇಳಿ, ಆಮೇಲೆ ಕೇಳುತ್ತೇನೆ, ನೆನಪಿಟ್ಟುಕೊಳ್ಳಿ ಅಂದರು. ಅದೂ ಇದೂ ಮಾತಾಡಿಸಿದ ಮೇಲೆ ಕೇಳಿದರು.

"ಸೇಬು, ಮೇಜು..." ಎಂದು ಅಮ್ಮ ನಿಲ್ಲಿಸಿದಳು. ಅಮ್ಮ ಸೂರು ನೋಡಿದಳು, ಕೈಬಳೆ ತಿರುಗಿಸಿದಳು. ಬೆಳಗಿನ ಸಂತೋಷವೆಲ್ಲ ಇಲ್ಲೇ ಮುಗಿಯಿತೇ ಎಂದುಕೊಂಡೆ.

"ನಾಣ್ಯ," ಅಂದಳು. "ಅಲ್ಲ ಕಣಮ್ಮಾ, ಕೋಲಾರದಲ್ಲಿ ಕೂತ್ಕೊಂಡು ಸೇಬು ಅಂತೀರಲ್ಲ, ಟೊಮೊಟೊ ಅನ್ನಬಾರ್ದಾ? ಎಲ್ರಿಗೂ ನೆನಪಿರ್ತಿತ್ತು."

ಡಾಕ್ಟರು ಪೆನ್ನು ಕೆಳಗಿಟ್ಟು, "ಅಜ್ಜೀ, ನಿಮ್ಮ ತಲೆ ನನ್ ತಲೆಗಿಂತ ಚೆನ್ನಾಗೈತೆ. ಅಡುಗೆಮನೆಗೆ ವಾಪಸ್ ಹೋಗಿ," 
ಎಂದರು.

ವಾಪಸು ಬರುವಾಗ ಆಟೋದಲ್ಲಿ ಅಮ್ಮ ತೆರೆದ ಬದಿಗೆ ಮುಖ ಕೊಟ್ಟು ಗಾಳಿ ಕುಡಿಯುತ್ತ ಕುಳಿತಳು. ಮಾರುಕಟ್ಟೆಯ ಹತ್ತಿರ ಟೊಮೊಟೊ ಕ್ರೇಟು ತುಂಬಿದ ಗಾಡಿಗಳ ನಡುವೆ ಆಟೋ ಸಿಕ್ಕಿಹಾಕಿಕೊಂಡಿತು. ಡ್ರೈವರು ಎಂಜಿನ್ ಆರಿಸಿದ. ನನಗೆ ಯಾವ ಅವಸರವೂ ಇರಲಿಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡಳು.

"ದಿನಾ ಎದ್ದ ತಕ್ಷಣ ಹಾಸಿಗೆ ಮೇಲೆ ಕೂತ್ಕೊಂಡು ಎಲ್ರ ಹೆಸ್ರೂ ಒಂದ್ಸಲ ಹೇಳ್ಕೊಂತಿದ್ದೆ ಕಣೇ," ಅಂದಳು. "ಮರ್ತೋಗ್ಬಾರ್ದು ಅಂತ. ನಿಂದು, ಕಾವ್ಯಂದು, ಅಳಿಯಂದ್ರುದು, ಆವನಿ ತಂಗೀದು. ಊರಲ್ಲಿದ್ದ ನಮ್ಮ ಹಸೂದೂ ಹೇಳ್ತಿದ್ದೆ."

"ಆ ಹಸು ಸತ್ತು ಎಷ್ಟು ವರ್ಷ ಆಯ್ತಮ್ಮಾ!"

"ಅದಕ್ಕೇ ಹೇಳ್ತಿದ್ದೆ. ಸತ್ತೋರ ಹೆಸ್ರೇ ಮೊದ್ಲು ಹೋಗೋದು." ಟೊಮೊಟೊ ಗಾಡಿಗಳ ಕಡೆ ಮುಖ ತಿರುಗಿಸಿ, "ನಿಮ್ಮಪ್ಪಂದೂ ಹೇಳ್ದೆ," ಅಂದಳು.

ನಾನು ತಿರುಗಿ ಅವಳ ಮುಖ ನೋಡಿದೆ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು ಎಂಬುದು ಅವಳ ಕಾಲದ ಮಾತು. ಅಪ್ಪ ಇದ್ದಾಗಲೂ ಇಲ್ಲ, ಹೋದ ಮೇಲೂ ಇಲ್ಲ, ಅಮ್ಮ ಆ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ. ರೇಷನ್ ಕಾರ್ಡಿನವರು ಬಂದು ಗಂಡನ ಹೆಸರು ಕೇಳಿದರೂ, "ಪದ್ಮಾ, ಬಾರೇ, ಇವ್ರಿಗೆ ಹೇಳು," ಎಂದು ನನ್ನನ್ನು ಕರೆಯುತ್ತಿದ್ದಳು.

"ಮೊದ್ಲ ದಿನ ನಾಲಿಗೇನೇ ಏಳ್ಲಿಲ್ಲ," ಅಂದಳು ಅಮ್ಮ. "ಆಮೇಲೆ ಗೋಡೆ ಕಡೆ ತಿರುಗ್ಕೊಂಡು ಹೇಳ್ದೆ. ಹೇಳ್ದೆ ಇದ್ದು ಮರ್ತೋಗೋದಕ್ಕಿಂತ ಹೇಳಿ ಪಾಪ ಕಟ್ಕೊಳೋದೇ ವಾಸಿ ಅನ್ನಿಸ್ತು."

"ಈಗ ಒಂದ್ಸಲ ಹೇಳಮ್ಮಾ, ನಾನೂ ಕೇಳ್ತೀನಿ," ಅಂದೆ.

ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹೊಸ ಮದುವಣಗಿತ್ತಿಯಂತೆ ನಾಚಿ, ನನ್ನ ತೊಡೆಗೆ ಒಂದು ಬಿಟ್ಟಳು.

"ಥೂ, ಹೋಗೇ! ಈಗ್ಯಾಕೆ? ಇನ್ಮೇಲೆ ಮರೆಯಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲ."